ತೇಪೆಯ ಗುಟ್ಟು ಅಂಟಿನಲ್ಲಿಲ್ಲ

ಶನಿವಾರಸಂತೆಯಂತಹ ಮಳೆಯ ಊರುಗಳಲ್ಲಿ ತೂತುಬಿದ್ದ ಅಲ್ಯೂಮಿನಿಯಂ ಬಿಂದಿಗೆಗೆ ಅರಾಲ್ಡೈಟ್ ಮೆತ್ತಿ ನೋಡಿದವರಿಗೆ ಒಂದು ಸಂಗತಿ ಗೊತ್ತು. ಬೇಸಿಗೆಯಲ್ಲಿ ಕಲ್ಲಿನಂತೆ ಕೂತ ತೇಪೆ ಮಳೆಗಾಲ ಮುಗಿಯುವಷ್ಟರಲ್ಲಿ ಹಪ್ಪಳದಂತೆ ಏಳುತ್ತದೆ. ಅಂಟು ಕಳಪೆಯೆಂದು ಬೈದು ಸುಮ್ಮನಾಗುವುದು ರೂಢಿ. ಆದರೆ ಇದೇ ಸಮಸ್ಯೆ ಆಕಾಶದಲ್ಲಿ ಹಾರುವ ಗ್ಲೈಡರಿಗೂ ಇದೆ. ಅಲ್ಲಿ ತೇಪೆ ಎದ್ದರೆ ಸೋರುವುದು ನೀರಲ್ಲ, ಹೋಗುವುದು ಜೀವ.

ಎಂಜಿನ್ ಇಲ್ಲದೆ ಗಾಳಿಯನ್ನೇ ನಂಬಿ ತೇಲುವ ವಿಮಾನ ಗ್ಲೈಡರ್. ಕರ್ನಾಟಕಕ್ಕೆ ಇದು ಹೊಸತಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಆರಂಭವಾದ ಹೊಸತರಲ್ಲೇ ವಿ.ಎಂ. ಘಾಟಗೆ ಅವರು ಅಲ್ಲಿ ಜಿ-1 ಎಂಬ ಗ್ಲೈಡರ್ ರೂಪಿಸಿದ್ದರು. ಆ ಕಾಲದ ಗ್ಲೈಡರ್‌ಗಳಲ್ಲಿ ಹೆಚ್ಚಿನವು ಮರ, ಪ್ಲೈವುಡ್, ಬಟ್ಟೆಯವು. 1957ರಲ್ಲಿ ಜರ್ಮನಿಯಲ್ಲಿ ‘ಫೀನಿಕ್ಸ್’ ಹಾರಿದ ಮೇಲೆ ಗಾಜಿನ ನಾರು ಮತ್ತು ರಾಳ ಸೇರಿದ ಸಂಯುಕ್ತ ವಸ್ತುವಿನ ಯುಗ ಬಂತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ ತರಬೇತಿ ವಿಮಾನದ ಒಡಲೂ ಇಂತಹ ವಸ್ತುವಿನದೇ.

ಒಡಲು ನಾರಿನದಾದರೂ ಲೋಹವಿಲ್ಲದೆ ಕೆಲಸ ಸಾಗದು. ಗ್ಲೈಡರ್ ಇಳಿಯುವಾಗ ರೆಕ್ಕೆಯಿಂದ ಮೇಲೇಳುವ ಏರ್‌ಬ್ರೇಕ್ ತಗಡು, ಹಿಂಜುಗಳು, ನಿಯಂತ್ರಣದ ಕೊಳವೆಗಳು ಹಲವೆಡೆ ಅಲ್ಯೂಮಿನಿಯಂನವು. ನಾರು ಮತ್ತು ಲೋಹ ಕೂಡುವ ಅನೇಕ ಕಡೆ ಅವೆರಡನ್ನು ಹಿಡಿದಿರುವುದು ಎಪಾಕ್ಸಿ ಅಂಟು. ಅರಾಲ್ಡೈಟ್ ಕೂಡ ಅದೇ ಕುಲದ್ದು.

ಹಾಗಾದರೆ ಅದು ಬಿಡುವುದೇಕೆ? ಗಾಳಿ ಸೋಕಿದೊಡನೆ ಅಲ್ಯೂಮಿನಿಯಂ ತನ್ನ ಮೈಮೇಲೆ ಆಕ್ಸೈಡಿನ ತೆಳುಪೊರೆ ಹೊದೆಯುತ್ತದೆ. ಅಂಟು ಹಿಡಿಯುವುದು ಲೋಹವನ್ನಲ್ಲ, ಈ ಪೊರೆಯನ್ನು. ಅಂಚಿನಿಂದ ನುಸುಳಿದ ತೇವ ಪೊರೆಯನ್ನು ಕೆಡಿಸಿದರೆ ಎಷ್ಟೇ ಒಳ್ಳೆಯ ಅಂಟೂ ಅದರೊಂದಿಗೆ ಕಳಚಿಕೊಳ್ಳುತ್ತದೆ. ಬಿಸಿಲಿನದು ಇನ್ನೊಂದು ಕಾಟ. ಒಂದು ಮೀಟರ್ ಅಲ್ಯೂಮಿನಿಯಂ 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಇಂಗಾಲದ ನಾರು ತನ್ನ ಉದ್ದಕ್ಕೆ ಹಿಗ್ಗುವುದೇ ಇಲ್ಲವೆನ್ನಬಹುದು. ಈ ಎಳೆದಾಟವನ್ನು ನಡುವಿನ ಅಂಟೇ ತಾಳಬೇಕು. ಸಾಲದ್ದಕ್ಕೆ, ಇಂಗಾಲದ ನಾರು ಅಲ್ಯೂಮಿನಿಯಂಗೆ ತಾಗಿ ತೇವವೂ ಸೇರಿದರೆ ಬ್ಯಾಟರಿಯಲ್ಲಿ ಆಗುವಂತೆ ಲೋಹ ಸವೆಯುತ್ತದೆ. ಅದಕ್ಕೇ ಇವೆರಡರ ನಡುವೆ ಗಾಜಿನ ನಾರಿನ ಒಂದು ಪದರ ಇಡುತ್ತಾರೆ.

ಆದ್ದರಿಂದ ದುರಸ್ತಿಯಲ್ಲಿ ಅಂಟು ಹಚ್ಚುವುದು ಕೊನೆಯ ಕೆಲಸ. ಮೊದಲು ಹಳೆಯ ಅಂಟು ತೆಗೆದು, ದ್ರಾವಕದಿಂದ ಜಿಡ್ಡು ಒರೆಸಿ, ಬಳಿಕ ಮೇಲ್ಮೈ ಉಜ್ಜಬೇಕು. ಈ ಕ್ರಮ ತಪ್ಪಿದರೆ ಜಿಡ್ಡು ಗೀರುಗಳೊಳಗೆ ಕೂತುಬಿಡುತ್ತದೆ. ಲೋಹ ಶುದ್ಧವಾಯಿತೇ ಎಂದು ತಿಳಿಯಲು ಶುದ್ಧ ನೀರು ಸುರಿದು ನೋಡುತ್ತಾರೆ. ನೀರು ಹಾಳೆಯಂತೆ ಹರಡಿ ನಿಂತರೆ ಸರಿ, ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಜಿಡ್ಡು ಉಳಿದಿದೆ ಎಂದರ್ಥ. ಕಾರ್ಖಾನೆಗಳಲ್ಲಿ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ಗಟ್ಟಿಯಾದ ಹೊಸ ಪೊರೆಯನ್ನೇ ಬೆಳೆಸುತ್ತಾರೆ. ಚೆನ್ನಾಗಿ ಒಣಗಿಸಿದ ಮೇಲೆ ತಡಮಾಡದೆ, ತೂಗಿ ಬೆರೆಸಿದ ಅಂಟು ಹಚ್ಚಬೇಕು. ಅತಿಯಾಗಿ ಒತ್ತಿದರೆ ಅಂಟೆಲ್ಲ ಹೊರಬಂದು ಜೋಡಣೆ ಬಡವಾಗುತ್ತದೆ.

ಇಷ್ಟಾದ ಮೇಲೆ ನಾಣ್ಯದಿಂದ ತಟ್ಟಿ ಕೇಳುವ ಪದ್ಧತಿಯಿದೆ. ಟಣ್ ಎಂದರೆ ಗಟ್ಟಿ, ಬೋದು ಸದ್ದು ಬಂದರೆ ಒಳಗೆ ಪೊಳ್ಳು. ಆದರೆ ಈ ಪರೀಕ್ಷೆ ಬಿಟ್ಟುಹೋದ ಜಾಗವನ್ನು ತೋರೀತೇ ಹೊರತು, ಅಂಟಿಕೊಂಡ ಜಾಗದ ಬಲವೆಷ್ಟೆಂದು ಹೇಳದು. ಜೋಡಣೆಯನ್ನು ಮುರಿಯದೆ ಅದರ ಬಲವನ್ನು ಖಚಿತವಾಗಿ ಅಳೆಯುವ ಉಪಕರಣ ಇಂದಿಗೂ ಇಲ್ಲ. ಅದೇ ಅಂಟಿನಿಂದ ಪಕ್ಕದಲ್ಲೊಂದು ಮಾದರಿ ಮಾಡಿ, ಅದನ್ನು ಮುರಿದು ನೋಡುವುದುಂಟು.

ಅಂಟು ಬಿಟ್ಟರೆ ತೆರಬೇಕಾದ ಬೆಲೆಯೇನೆಂದು 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಜಗತ್ತು ಕಂಡಿತು. ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಚಾವಣಿಯ ಸುಮಾರು 18 ಅಡಿ ಭಾಗ ಹಾರಾಟದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ಸತ್ತರು. ಅಲ್ಲಿ ಸೇರಿದ್ದು ಅಲ್ಯೂಮಿನಿಯಂ ಮತ್ತು ಅಲ್ಯೂಮಿನಿಯಂ. ಅಂಟು ಬಿಟ್ಟು, ತೇವದಿಂದ ತುಕ್ಕು ಹಿಡಿದು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು ತಗಡು ಬಿರುಕುಬಿಟ್ಟಿತ್ತು. ವಿಮಾನಯಾನ ಸಂಸ್ಥೆಯ ತಪಾಸಣೆಯಲ್ಲಿ ಅದು ಪತ್ತೆಯಾಗಿರಲಿಲ್ಲ.

ಮುಗಿದ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಿ ಹೇಳಲಾಗದ ಕಸುಬು ಇದು. ಆದ್ದರಿಂದಲೇ ವಿಮಾನದ ದಾಖಲೆ ಪುಸ್ತಕದಲ್ಲಿ ಯಾವ ಅಂಟು, ಯಾವ ದಿನ, ಯಾರ ಕೆಲಸ ಎಂದು ಬರೆದು ಸಹಿ ಹಾಕುವ ನಿಯಮ. ಕೊನೆಗೆ ಚಾಲಕ ನಂಬುವುದು ಅಂಟನ್ನಲ್ಲ, ಯಾರೂ ನೋಡದಿದ್ದಾಗಲೂ ಜಿಡ್ಡನ್ನು ಪೂರ್ತಿ ಒರೆಸಿದ ಕೈಯನ್ನು.