ಕುಸ್ತಿಯ ಕಾಚ: ಅಗತ್ಯದಿಂದ ಹುಟ್ಟಿದ ಅಂದ

ಕಿರುತೆರೆಯ ವೃತ್ತಿಪರ ಕುಸ್ತಿಯಲ್ಲಿ ಮಲ್ಲರ ಪಟ್ಟುಗಳಷ್ಟೇ ಕಣ್ಸೆಳೆಯುವುದು ಅವರ ಮೈಗಂಟಿದ ಉಡುಪು. ಹಳೇ ಮೈಸೂರು ಸೀಮೆಗೆ ಈ ಆಕರ್ಷಣೆ ಹೊಸದೇನಲ್ಲ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮುಂದೆ ಮೈಸೂರಿಗೆ ಸಾಗಿತು. ಕುಸ್ತಿ ಇಂದಿಗೂ ಆ ಉತ್ಸವದ ಅವಿಭಾಜ್ಯ ಅಂಗ. ಈ ಭಾಗದ ಗರಡಿಗಳ ಪೈಲ್ವಾನರು ಲಂಗೋಟಿ ಬಿಗಿದು, ಕಾಚ ತೊಟ್ಟು ಅಖಾಡಕ್ಕಿಳಿಯುತ್ತಾರೆ.

ಈ ಬಿಗಿತಕ್ಕೆ ಮೂಲ ಕಾರಣ ಅಂದವಲ್ಲ, ಅಗತ್ಯ. ಸಡಿಲ ಬಟ್ಟೆ ಕೈಕಾಲಿಗೆ ತೊಡಕು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಕಾಚ ಹಿಡಿದು ಎತ್ತಬಹುದು. ಆದ್ದರಿಂದ ಅದು ಜಾರಬಾರದು, ಹರಿಯಬಾರದು. ಮ್ಯಾಟ್ ಕುಸ್ತಿಯ ಕೆಂಪು, ನೀಲಿ ಸಿಂಗ್ಲೆಟ್ ಕೂಡ ಮೈಗಂಟಿರುತ್ತದೆ. ಆದರೆ ಅಲ್ಲಿ ಉಡುಪು ಹಿಡಿಯುವುದು ನಿಷಿದ್ಧ.

ಅಗತ್ಯದ ಬೆನ್ನಿಗೇ ಸೊಬಗೂ ಬಂದಿತು. ತೊಡೆ ಬಿಗಿಯುವುದು, ಸೊಂಟ ತಿರುಗುವುದು, ಬೆನ್ನು ಮಣ್ಣಿಗೆ ತಾಗುವುದು ದೂರದಲ್ಲಿ ಕುಳಿತ ಪ್ರೇಕ್ಷಕನಿಗೂ ನಿಚ್ಚಳವಾಗಿ ಕಾಣುತ್ತದೆ. ಸೋಲು ಗೆಲುವಿಗೆ ಇಡೀ ಅಖಾಡವೇ ಸಾಕ್ಷಿಯಾಗುತ್ತದೆ.

ವೃತ್ತಿಪರ ಕುಸ್ತಿಯ ಬಿಗಿಯುಡುಪಿನ ಹಿಂದಿರುವುದು 19ನೇ ಶತಮಾನದ ಪಾಶ್ಚಾತ್ಯ ಸರ್ಕಸ್ಸುಗಳ ಬಲಶಾಲಿಗಳ ವೇಷ. ಅಲ್ಲಿ ಫಲಿತಾಂಶ ಪೂರ್ವನಿರ್ಧಾರಿತ. ನಾಯಕನಾರು, ಖಳನಾರು ಎಂಬುದನ್ನು ಉಡುಪಿನ ಬಣ್ಣ, ಹೊಳಪುಗಳೇ ಸಾರುತ್ತವೆ. ಗರಡಿಯ ಕಾಚ ಅಂಥ ಕಥೆ ಹೇಳದು. ಅದನ್ನು ತೊಟ್ಟಾಗ ಜಮೀನ್ದಾರನ ಮಗನಿಗೂ ಕೂಲಿಕಾರನ ಮಗನಿಗೂ ವ್ಯತ್ಯಾಸ ಕಾಣದು. ಕಾಣುವುದು ವರ್ಷಗಟ್ಟಲೆ ಮಾಡಿದ ಸಾಮು ಮಾತ್ರ. ಅರೆಬೆತ್ತಲೆ ಎಂದು ಮೂಗು ಮುರಿಯುವವರು ಮರೆಯುವುದು ಈ ಸಮಾನತೆಯನ್ನೇ.