ಚಳಿಜ್ವರದ ನಿರ್ಮೂಲನ

ನಮ್ಮ ಪ್ರಾಚೀನ ವೈದ್ಯರು ವಿಷಮಜ್ವರದಲ್ಲಿ ತೃತೀಯಕ, ಚಾತುರ್ಥಕವೆಂಬ ಭೇದಗಳನ್ನು ಎಣಿಸಿದ್ದರು. ಸೊಳ್ಳೆಯ ಒಡಲಲ್ಲಿ ಮಲೇರಿಯದ ರೋಗಾಣುವು ಕಂಡುದು ಮಾತ್ರ 1897ರಲ್ಲಿ, ಸಿಕಂದರಾಬಾದಿನಲ್ಲಿದ್ದ ರೊನಾಲ್ಡ್ ರಾಸ್ ಅವರಿಗೆ. 1930ರ ದಶಕದಲ್ಲಿ ಇರ್ವಿನ್ ನಾಲೆಯು ಮಂಡ್ಯದ ಸೀಮೆಗೆ ಬತ್ತ ಕಬ್ಬುಗಳೊಡನೆ ಈ ಜ್ವರವನ್ನೂ ತಂದಿತು.

1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ಧಾರವಾಡ, ಉತ್ತರ ಕನ್ನಡಗಳಲ್ಲಿ ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ನಡೆಯಿಸಿದರು. ರಕ್ತವನ್ನು ಹೀರಿ ಗೋಡೆಯಲ್ಲಿ ವಿಶ್ರಮಿಸುವ ಸೊಳ್ಳೆಗೆ ಅದೇ ಮೃತ್ಯುಸ್ಥಾನವಾಯಿತು. 1953ರಲ್ಲಿ ಈ ಕಾರ್ಯವು ದೇಶವ್ಯಾಪಿಯಾಗಿ, 1965ರ ವೇಳೆಗೆ ಭಾರತದ ರೋಗಿಗಳ ಸಂಖ್ಯೆಯು ಸುಮಾರು 1 ಲಕ್ಷಕ್ಕೆ ಇಳಿಯಿತು. ಬಳಿಕ ಕೈ ಸಡಿಲವಾಯಿತು. ಸೊಳ್ಳೆಗಳೂ ಆ ಮದ್ದನ್ನು ಜೀರ್ಣಿಸಿಕೊಳ್ಳಲು ಕಲಿತುವು. 1976ರಲ್ಲಿ 64 ಲಕ್ಷ!

ಸಿಂಹಳದವರೂ ಇದೇ ಪೆಟ್ಟನ್ನು ತಿಂದವರು. ಅಲ್ಲಿ 1963ರಲ್ಲಿ 17 ಮಂದಿಗೆ ಇಳಿದಿದ್ದ ರೋಗವು 1969ರಲ್ಲಿ 5 ಲಕ್ಷವನ್ನು ಮೀರಿತು. ಆದರೂ ಅವರು ಪಟ್ಟು ಬಿಡಲಿಲ್ಲ. ಅಂತಃಕಲಹದ ವರ್ಷಗಳಲ್ಲಿಯೂ ಜ್ವರಪೀಡಿತರ ರಕ್ತವನ್ನು ಪರೀಕ್ಷಿಸುತ್ತ ಬಂದರು. 2012ರ ಅಕ್ಟೋಬರಿನ ಬಳಿಕ ಮೂರು ವರ್ಷಗಳವರೆಗೆ ಸ್ಥಳೀಯವಾಗಿ ಹುಟ್ಟಿದ ರೋಗವು ಕಾಣಲಿಲ್ಲವಾಗಿ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ದ್ವೀಪವನ್ನು ಮಲೇರಿಯಮುಕ್ತವೆಂದು ಸಾರಿತು.

ಭಾರತವು 2030ನ್ನು ತನ್ನ ಗಡುವಾಗಿ ಇರಿಸಿಕೊಂಡಿದೆ. ಕಪಿಲೆ ಹರಿಯುವ ನಮ್ಮ ನಂಜನಗೂಡು, ನರಸೀಪುರಗಳ ಸೀಮೆಯಲ್ಲಿ, ಬಿಳಿಗೆರೆಯಂತಹ ಊರುಗಳಲ್ಲಿ, ‘ಚಳಿಜ್ವರವು ಹೋಯಿತಲ್ಲ, ಇನ್ನೇಕೆ ಪರೀಕ್ಷೆ?’ ಎಂದು ಆಶಾ ಕಾರ್ಯಕರ್ತೆಯನ್ನು ಬಾಗಿಲಿನಿಂದಲೇ ಹಿಂದಿರುಗಿಸುವ ಗೃಹಸ್ಥರುಂಟು. ಪರಸ್ಥಳದ ಕೂಲಿಯನ್ನು ಮುಗಿಸಿ ಜ್ವರದೊಡನೆ ಮರಳಿದ ಒಬ್ಬನಿದ್ದರೆ ಸಾಕು, ಊರಿನ ಸೊಳ್ಳೆಗಳು ಮಿಕ್ಕ ಕೆಲಸವನ್ನು ನೋಡಿಕೊಳ್ಳುವುವು. ಆಕೆ ಕೇಳುವುದು ಬೆರಳ ತುದಿಯ ಒಂದು ಹನಿ ರಕ್ತವನ್ನು. ಆ ಚುಚ್ಚಿನ ನೋವು ಜಾಲಿಮುಳ್ಳಿನಷ್ಟೂ ಇಲ್ಲ.