ತಂಬೂರಿಯ ಮನೆಗೆ ಗಿಟಾರ್ ಬಂದರೆ

ಹುಡುಗ ಗಿಟಾರ್ ಹಿಡಿದು ರಾಕ್ ಹಾಡು ಕಲಿಯಲು ಕುಳಿತರೆ, ‘ಇನ್ನು ಇವನ ಕನ್ನಡ ಮುಗಿಯಿತು’ ಎಂದು ನಮ್ಮ ಮನೆಗಳ ಹಿರಿಯರು ನಿಟ್ಟುಸಿರು ಬಿಡುವುದುಂಟು. ಈ ಹೆದರಿಕೆ ಸುಳ್ಳಲ್ಲ. ಕಚೇರಿಯಲ್ಲಿ ಮಲಯಾಳ, ಬಸ್ಸಿನಲ್ಲಿ ಮಲಯಾಳ. ಮನೆಯೊಳಗಿನ ಹಾಡೂ ಹೊರಗಿನದಾದರೆ ನಮಗೆ ಉಳಿಯುವುದೇನು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ನೆನಪಾಗುವ ಊರು ತೆಲಂಗಾಣದ ಐಜ. ಕೃಷ್ಣೆ, ತುಂಗಭದ್ರೆಯರ ನಡುವಣ ನಡಿಗಡ್ಡ ಸೀಮೆಯ ಈ ಊರು ಈಗ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿದೆ. ನಮ್ಮಲ್ಲಿ ಮಲಯಾಳವಿದ್ದಂತೆ ಅಲ್ಲಿ ಸುತ್ತಲೂ ತೆಲುಗು. ಐಜದ ಬಳಿಯ ಉತ್ತನೂರಿನಲ್ಲಿ 18ನೆಯ ಶತಮಾನದಲ್ಲಿ ಗೋಪಾಲದಾಸರು ನೆಲೆಸಿದ್ದರು. ವಿಜಯದಾಸರ ಶಿಷ್ಯರಾದ ಅವರು ಹಾಡಿದ್ದು ಕನ್ನಡದಲ್ಲಿ. ಗಡಿಗಳು ಬದಲಾದವು, ಅವರ ಕೀರ್ತನೆಗಳು ಹಾಡುವವರ ಬಾಯಲ್ಲಿ ಇಂದಿಗೂ ಉಳಿದಿವೆ. ದಾಸರ ಪದಗಳಿಗೆ ಆಸರೆಯಾಗಿ ನಿಂತದ್ದು ತಂಬೂರಿಯ ಶ್ರುತಿ.

ಗಿಟಾರಿಗೂ ಆ ತಂಬೂರಿಗೂ ಎಲ್ಲಿಯ ನಂಟು ಎನ್ನಬೇಡಿ. ರಾಕ್ ಹಾಡು ಕಲಿಯುವವನಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ‘ಪವರ್ ಕಾರ್ಡ್’ ಒಂದು. ಗಿಟಾರಿನ ಆರು ತಂತಿಗಳಲ್ಲಿ ಅತಿ ದಪ್ಪನೆಯದರ ಮೂರನೆಯ ಮೆಟ್ಟಿನಲ್ಲಿ ತೋರುಬೆರಳು, ಪಕ್ಕದ ತಂತಿಯ ಐದನೆಯ ಮೆಟ್ಟಿನಲ್ಲಿ ಉಂಗುರಬೆರಳು; ಎರಡನ್ನೂ ಒಟ್ಟಿಗೆ ಮೀಟಬೇಕು. ಹೊರಡುವ ಸ್ವರಗಳು ಯಾವುವು? ಷಡ್ಜ ಮತ್ತು ಪಂಚಮ! ತಂಬೂರಿಯ ನಾಲ್ಕು ತಂತಿಗಳನ್ನು ಸಾಮಾನ್ಯವಾಗಿ ಶ್ರುತಿ ಮಾಡುವುದೂ ಇದೇ ಎರಡು ಸ್ವರಗಳಿಗೆ. ಬೆರಳುಗಳನ್ನು ಅದೇ ಅಂತರದಲ್ಲಿ ಹಿಂದೆ ಮುಂದೆ ಜಾರಿಸಿದರೆ ಎಷ್ಟೋ ರಾಕ್ ಹಾಡುಗಳ ಬುನಾದಿ ಸಿದ್ಧ. ಮೊದಮೊದಲು ಬೆರಳ ತುದಿ ಉರಿಯುತ್ತದೆ. ಕೆಲವು ವಾರಗಳಲ್ಲಿ ಚರ್ಮ ಜಡ್ಡುಗಟ್ಟಿ ನೋವು ತಗ್ಗುತ್ತದೆ. ಅವಸರ ಮಾಡದೆ, ತಾಳ ಹಾಕಿಕೊಂಡು ನಿಧಾನವಾಗಿ ನುಡಿಸುವುದೇ ದಾರಿ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೊದಲು ಕಲಿತದ್ದು ಭರತನಾಟ್ಯ. ಕಾಲೇಜಿನಲ್ಲಿ ಸಹಪಾಠಿಯೊಬ್ಬನೊಡನೆ ಪಂಥ ಕಟ್ಟಿ ಗಿಟಾರ್ ಹಿಡಿದರು. 2008ರಲ್ಲಿ ಹೊರಬಂದ ತಮ್ಮ ಮೊದಲ ಆಲ್ಬಂನಲ್ಲಿ ಅವರು ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿನೊಂದಿಗೆ ಹಾಡಿದರು. ಷರೀಫರು ಕಾಲವಾದದ್ದು 1889ರಲ್ಲಿ. ಹಳ್ಳಿಯ ಭಜನೆಯ ಪದಗಳು ಹೀಗೆ ಕಾಲೇಜು ಹುಡುಗರ ನಾಲಗೆಗೂ ಬಂದವು.

ಆದುದರಿಂದ ತಾಯ್ತಂದೆಯರಲ್ಲಿ ನಮ್ಮದೊಂದು ಬಿನ್ನಹ. ಮಗುವಿನ ಕೈಯಿಂದ ಗಿಟಾರನ್ನು ಕಿತ್ತುಕೊಳ್ಳಬೇಡಿ. ಇಂಗ್ಲಿಷ್ ಹಾಡನ್ನೂ ಧಾರಾಳವಾಗಿ ಕಲಿಯಲಿ. ಅದು ಕೈಗೆ ಹತ್ತಿದ ದಿನ, ಅಜ್ಜಿ ಹಾಡುವ ಒಂದು ದಾಸರ ಪದವನ್ನು ಅದೇ ತಂತಿಗಳ ಮೇಲೆ ನುಡಿಸಲು ಹೇಳಿ. ಅಜ್ಜಿಯೂ ಪಕ್ಕದಲ್ಲಿ ಕುಳಿತು ದನಿಗೂಡಿಸಲಿ. ವಾದ್ಯ ಯಾವುದಾದರೇನು, ಬಾಯಲ್ಲಿ ಕನ್ನಡವಿರಲಿ.